ಸೌತೆ ಬೀಜದ ಸಾಕ್ಷಿ

2023ರ ನವೆಂಬರ್ ಮೊದಲ ವಾರದ ಮಳೆಗೆ ನಮ್ಮ ಎರೆಹೊಲ ಹಸಿಯಾಯಿತು. ಮುಂಗಾರಿನ ಗೋವಿನಜೋಳ ಆಗಲೇ ಕೈಬಿಟ್ಟಿತ್ತು. ಕಡಲೆಯಾದರೂ ಮನೆಗೆ ಬರಲಿ ಎಂದು ಅಪ್ಪ ಹಸಿ ಆರುವುದರೊಳಗೆ ಬಿತ್ತಿ ಮುಗಿಸಿದ. ಎಂಟನೇ ದಿನಕ್ಕೆ ಸಾಲು ಕಂಡವು. ಆ ವರ್ಷ ಹೊಲದಲ್ಲಿ ಹಸಿರು ನೋಡಿ ಎಷ್ಟು ದಿನವಾಗಿತ್ತೋ, ಅಪ್ಪ ನನಗೆ ಫೋನು ಮಾಡಿ ಹೇಳಿದ. ನಾನು ಹುಬ್ಬಳ್ಳಿಯಲ್ಲಿ ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಪಾಠ ಹೇಳುವವಳು. ಊರು ರಾಣೆಬೆನ್ನೂರು ತಾಲ್ಲೂಕು. ಎರಡು ಭಾನುವಾರಕ್ಕೊಮ್ಮೆ ಹೊಲಕ್ಕೆ ಹೋಗುತ್ತೇನೆ.

ಮುಂದಿನ ಭಾನುವಾರ ಹೋದಾಗ ಸಸಿಗಳು ಬೆರಳುದ್ದ ಇದ್ದವು. ದೂರದಿಂದ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಕೂತು ನೋಡಿದರೆ ಕೆಳಗಿನ ಎಲೆಗಳ ಅಂಚಿಗೆ ಹಳದಿ. ಕಡಲೆಯ ಎಲೆ ಎಷ್ಟು ಸಣ್ಣದು, ಅದರ ಅಂಚಿನ ಹಲ್ಲು ಹಲ್ಲಿನಲ್ಲೂ ದಾರದಂಥ ಹಳದಿ ಗೆರೆ. ಕೆಲವು ಸಸಿಗಳಲ್ಲಿ ಆ ಗೆರೆ ಕಂದಾಗಿ, ಸುಟ್ಟ ಕಾಗದದ ಅಂಚಿನ ಹಾಗೆ ಮುದುಡಿತ್ತು. ಮೇಲಿನ ಚಿಗುರು ಮಾತ್ರ ಹಸಿರು. ಇನ್ನೊಂದು ವಾರಕ್ಕೆ ಆ ಚಿಗುರೂ ಹೋಯಿತು. ಹೊಲದ ಮಧ್ಯ ಅಷ್ಟಾಗಿ ಏನೂ ಆಗಿರಲಿಲ್ಲ. ಎರಡೂ ತುದಿಗಳಲ್ಲಿ, ಮತ್ತು ಹಳ್ಳದ ಕಡೆಯ ಮೂಲೆಯಲ್ಲಿ ಸಾಲುಗಟ್ಟಲೆ ಒಣಗಿ ನಿಂತಿತ್ತು.

ಅಂಗಡಿಯಲ್ಲಿ ಕೇಳಿದಾಗ ಸಿಡಿ ರೋಗ ಎಂದರಂತೆ, ಒಂದು ಡಬ್ಬಿ ಔಷಧಿ ಕೊಟ್ಟರಂತೆ. ಅಪ್ಪ ಅದನ್ನು ಹೊಡೆಯುವ ಮೊದಲು ಒಂದು ಗಿಡ ಕಿತ್ತು, ಉಗುರಿನಿಂದ ಕಾಂಡ ಸೀಳಿ ನನ್ನ ಕೈಗೆ ಕೊಟ್ಟ. ‘ಸಿಡಿ ಹಾಯ್ದಿದ್ರ ಒಳಗ ಕರಿ ಗೆರಿ ಇರಬೇಕಲ್ಲ ಯವ್ವಾ. ಇದು ನೋಡು, ಬೆಳ್ಳಗೈತಿ’ ಎಂದ. ನಿಜ, ಒಳಗೆ ಹಾಲಿನಷ್ಟು ಬಿಳಿ. ಬೇರೂ ಗಟ್ಟಿಯಾಗಿತ್ತು. ರೋಗದ ಗುರುತು ಎಲ್ಲೂ ಇರಲಿಲ್ಲ. ಅಪ್ಪ ಎದ್ದು ನಿಂತು ಹಳ್ಳದ ಮೂಲೆಯನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ, ‘ಪಂಪು ತೊಳದದ್ದು ಅಲ್ಲೇ’ ಎಂದ.

ಜುಲೈನಲ್ಲಿ ಗೋವಿನಜೋಳ ಬಿತ್ತಿದ ಮರುದಿನ ಅಟ್ರಜಿನ್ ಎಂಬ ಕಳೆನಾಶಕ ಹೊಡೆದಿದ್ದೆವು. ನಮ್ಮ ಕಡೆ ಆ ಹೆಸರು ಹೇಳುವವರು ಕಡಿಮೆ, ಕಸದ ಎಣ್ಣೆ ಎಂದರೆ ಮುಗಿಯಿತು. ಶೇ 50ರ ಪುಡಿಯಾದರೆ ಎಕರೆಗೆ 400ರಿಂದ 800 ಗ್ರಾಂ ಎಂದು ಲೆಕ್ಕ. ಆದರೆ ಹೊಲದಲ್ಲಿ ಯಾರೂ ತಕ್ಕಡಿ ಹಿಡಿದು ನಿಲ್ಲುವುದಿಲ್ಲ. ಚಹಾ ಲೋಟದಲ್ಲಿ ಅಳೆದು ಪಂಪಿಗೆ ಹಾಕುವುದು, ಇರಲಿ ಎಂದು ಮೇಲೊಂದು ಚಿಟಿಕೆ. ಹೊಡೆಯುವವನು ತುದಿಗೆ ಬಂದು ತಿರುಗುವಾಗ ಅದೇ ಜಾಗಕ್ಕೆ ಎರಡು ಸಲ ಬೀಳುತ್ತದೆ. ಕೊನೆಗೆ ಉಳಿದದ್ದನ್ನು ಹಳ್ಳದ ಮೂಲೆಯಲ್ಲಿ ಚೆಲ್ಲಿ ಪಂಪು ತೊಳೆಯುವುದು, ನೀರು ಅಲ್ಲೇ ಹತ್ತಿರ ಸಿಗುತ್ತದಲ್ಲ. ಕಡಲೆ ಸತ್ತ ಜಾಗಗಳು ಈ ಮೂರೇ. ಜುಲೈಯಲ್ಲಿ ನಾವು ಬರೆದದ್ದನ್ನು ಡಿಸೆಂಬರಿನಲ್ಲಿ ಹೊಲ ಓದಿ ಹೇಳಿದಂತಿತ್ತು.

ಸಾಮಾನ್ಯ ವರ್ಷವಾಗಿದ್ದರೆ ಇಷ್ಟು ಆಗುತ್ತಿರಲಿಲ್ಲ. ಮಣ್ಣಿಗೆ ಬಿದ್ದ ಅಟ್ರಜಿನ್ ಅರ್ಧಕ್ಕೆ ಇಳಿಯಲು ಸುಮಾರು 60 ದಿನ ಎನ್ನುತ್ತಾರೆ, ಮಣ್ಣಿನ ಗುಣ ನೋಡಿಕೊಂಡು ಅದು ಎರಡು ವಾರವೂ ಆಗಬಹುದು, ಅರ್ಧ ವರ್ಷ ದಾಟಲೂಬಹುದು. ಅದನ್ನು ಒಡೆಯುವವು ಮುಖ್ಯವಾಗಿ ಮಣ್ಣಿನ ಸೂಕ್ಷ್ಮಜೀವಿಗಳು, ಅವಕ್ಕೆ ಹಸಿ ಬೇಕು. ಹುಳಿ ಮಣ್ಣಿನಲ್ಲಿ ರಾಸಾಯನಿಕವಾಗಿಯೂ ಬೇಗ ಒಡೆಯುತ್ತದೆ, ಕ್ಷಾರದ ಮಣ್ಣಿನಲ್ಲಿ ನಿಧಾನ. ನಮ್ಮ ಎರೆಮಣ್ಣಿನ ಪಿಎಚ್ 8.2, ಎಂದರೆ ಕ್ಷಾರದ್ದೇ. ಆ ವರ್ಷದ ಆಗಸ್ಟ್ ಹೇಗಿತ್ತು ನೆನಪಿದೆಯಲ್ಲ? ದೇಶದ ಲೆಕ್ಕದಲ್ಲಿ 1901ರಿಂದ ಈಚೆಗೆ ಅಷ್ಟು ಒಣಗಿದ ಆಗಸ್ಟ್ ಬಂದಿರಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಘೋಷಿಸಿತು. ಹೀಗೆ ಗೋವಿನಜೋಳವನ್ನು ಒಣಗಿಸಿದ ಬರವೇ ವಿಷವನ್ನು ಕಾಪಾಡಿಟ್ಟಿತು. ಅಮೆರಿಕದಲ್ಲಿ ಅಟ್ರಜಿನ್ ಡಬ್ಬಿಯ ಮೇಲೆಯೇ, ಗೋವಿನಜೋಳ ಇಲ್ಲವೇ ಜೋಳ ಬಿಟ್ಟು ಬೇರೆ ಬೆಳೆಯನ್ನು ಅದೇ ವರ್ಷ ಹಾಕಬೇಡಿ ಎಂದು ಬರೆದಿರುತ್ತದೆ. ನಾವು ಮೂರೂವರೆ ತಿಂಗಳಿಗೆ ಕಡಲೆ ಬಿತ್ತಿದ್ದೆವು.

ಆದರೂ ಇದು ನಮ್ಮ ಊಹೆ ಮಾತ್ರ. ಮಣ್ಣಿನಲ್ಲಿ ಕಳೆನಾಶಕದ ಉಳಿಕೆ ಎಷ್ಟಿದೆ ಎಂದು ಪ್ರಯೋಗಾಲಯದಲ್ಲಿ ನೋಡಿಸಬೇಕೆಂದರೆ ಒಂದೊಂದು ಮಾದರಿಗೂ ಸಾವಿರಗಟ್ಟಲೆ ರೂಪಾಯಿ. ಮನೆಯಲ್ಲಿ ಮಣ್ಣು ಆರೋಗ್ಯ ಕಾರ್ಡ್ ಇತ್ತು. 2015ರಲ್ಲಿ ಶುರುವಾದ ಯೋಜನೆ ಅದು. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಪಿಎಚ್, ಲವಣಾಂಶ, ಸಾವಯವ ಇಂಗಾಲ, ಹೀಗೆ 12 ಅಂಶ. ಮಣ್ಣಿಗೆ ಏನು ಕಡಿಮೆಯಾಗಿದೆ ಎಂದು ಅದು ಹೇಳುತ್ತದೆ. ನಾವು ಏನು ಸುರಿದಿದ್ದೇವೆ ಎಂದು ಕೇಳುವ ಒಂದು ಸಾಲೂ ಅದರಲ್ಲಿಲ್ಲ. ಇದು ನನಗೆ ಇವತ್ತಿಗೂ ನೋವಿನ ವಿಷಯ.

ಹಣ ಖರ್ಚಿಲ್ಲದ ಒಂದು ಪರೀಕ್ಷೆ ಇದೆ, ಕಳೆ ವಿಜ್ಞಾನದವರು ಬಹಳ ಹಿಂದಿನಿಂದ ಮಾಡಿಕೊಂಡು ಬಂದದ್ದು. ವಿಷಕ್ಕೆ ಬೇಗ ನಲುಗುವ ಬೀಜವನ್ನು ಆ ಮಣ್ಣಿನಲ್ಲಿ ಹಾಕಿ ನೋಡುವುದು. ಅಟ್ರಜಿನ್ ಇದ್ದರೆ ಸೌತೆ ತಡೆಯುವುದಿಲ್ಲ. ಮದುವೆ ಮನೆಯಲ್ಲಿ ಉಳಿದಿದ್ದ ಪ್ಲಾಸ್ಟಿಕ್ ಲೋಟಗಳ ತಳಕ್ಕೆ ತೂತು ಮಾಡಿದೆ. ಮೂಲೆಯ ಮಣ್ಣು, ಹೊಲದ ನಡುವಿನ ಮಣ್ಣು, ಎಂದೂ ಎಣ್ಣೆ ಬೀಳದ ಬದುವಿನ ಬೇವಿನ ಮರದ ಬುಡದ ಮಣ್ಣು, ಇವನ್ನು ಒಂದೊಂದಕ್ಕೂ ಹತ್ತು ಲೋಟದಂತೆ ತುಂಬಿ, ಲೋಟಕ್ಕೊಂದು ಬೀಜ ಊರಿದೆ. ಹಿತ್ತಲ ಕಟ್ಟೆಯ ಮೇಲೆ ಸಾಲಾಗಿ ಇಟ್ಟೆವು. ಅವ್ವ ದಿನಾ ಒಂದೇ ಚಮಚದ ಅಳತೆಯಲ್ಲಿ ನೀರು ಹಾಕಿದಳು.

ಮೂರೂ ಕಡೆ ಬೀಜ ಒಂದೇ ದಿನ ಮೊಳೆತವು. ಎರಡು ದಪ್ಪ ಬೇಳೆಯೆಲೆ ಬಿಚ್ಚಿಕೊಂಡು ನಿಂತಾಗ ಯಾವ ವ್ಯತ್ಯಾಸವೂ ಇರಲಿಲ್ಲ. ಅಟ್ರಜಿನ್ ಮೊಳಕೆಯನ್ನು ತಡೆಯುವುದಿಲ್ಲ. ಬೀಜದಲ್ಲಿ ತಾಯಿ ಕಟ್ಟಿಕೊಟ್ಟ ಬುತ್ತಿ ಇರುವವರೆಗೆ ಸಸಿಗೆ ಅದರ ಅರಿವೇ ಆಗುವುದಿಲ್ಲ. ಬುತ್ತಿ ತೀರಿ, ಎಲೆ ತಾನೇ ಬೆಳಕಿನಿಂದ ಅನ್ನ ಬೇಯಿಸಿಕೊಳ್ಳಲು ಹೊರಟಾಗ ಅದು ಅಡ್ಡ ನಿಲ್ಲುತ್ತದೆ. ಬೇರಿನಿಂದ ನೀರಿನ ಜೊತೆ ಮೇಲೇರಿ, ನೀರು ಕೊನೆಗೆ ತಲುಪುವ ಎಲೆಯಂಚಿನಲ್ಲಿ ಸೇರಿಕೊಳ್ಳುತ್ತದೆ. ಅಲ್ಲಿ ಬೆಳಕಿನ ಶಕ್ತಿ ಮುಂದೆ ಹರಿಯುವ ದಾರಿಯನ್ನು ಮುಚ್ಚುತ್ತದೆ. ದಾರಿ ಸಿಗದ ಆ ಶಕ್ತಿಯೇ ಎಲೆಯ ಜೀವಕೋಶಗಳನ್ನು ಸುಡುತ್ತದೆ. ಹದಿನೈದನೇ ದಿನ ಮೂಲೆಮಣ್ಣಿನ ಹತ್ತೂ ಸಸಿಗಳ ಅಂಚು ಹಳದಿಯಾಯಿತು. ನಡುವಿನ ಮಣ್ಣಿನಲ್ಲಿ ಮೂರು. ಬೇವಿನ ಬುಡದ ಮಣ್ಣಿನ ಹತ್ತೂ ಹಸಿರು. ತರಗತಿಯಲ್ಲಿ ಎಷ್ಟೋ ವರ್ಷದಿಂದ ಹಲಗೆಯ ಮೇಲೆ ಅಟ್ರಜಿನ್‌ನಂಥ ಅಣುಗಳ ಆರು ಮೂಲೆಯ ಉಂಗುರ ಬರೆದು, ಒಂದು ತುದಿಗೆ ಕ್ಲೋರಿನ್ ಹಾಕಿ ಪಾಠ ಹೇಳಿದ್ದೇನೆ. ಅಂಥ ಅಣು ಒಂದು ಸಸಿಯನ್ನು ಹೀಗೆ ಮುಗಿಸುವುದನ್ನು ನಾನು ಕಣ್ಣಾರೆ ಕಂಡದ್ದು ಆ ಕಟ್ಟೆಯ ಮೇಲೆಯೇ.

ಇಲ್ಲಿ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಕಸದ ಎಣ್ಣೆ ಹೊಡೆಯುವ ರೈತರನ್ನು ಬಯ್ಯಲು ನಾನು ಇದನ್ನು ಬರೆಯುತ್ತಿಲ್ಲ. ನಮ್ಮ ಹೊಲದಲ್ಲಿ ಕಸ ತೆಗೆಯುತ್ತಿದ್ದವರು ಹೆಂಗಸರು. ಅವ್ವ ಇಪ್ಪತ್ತೈದು ಮುಂಗಾರು ಕುಕ್ಕರುಗಾಲಲ್ಲಿ ಕೂತು ಕುರ್ಚಿಗಿ ಹಿಡಿದು ಸಾಲಿನಿಂದ ಸಾಲಿಗೆ ಸರಿದಿದ್ದಾಳೆ. ಇವತ್ತು ಅವಳ ಮೊಣಕಾಲು ಮಡಚುವುದಿಲ್ಲ. ಎಡೆ ಹೊಡೆಯಲು ಎತ್ತು ಉಳಿದಿಲ್ಲ, ಆಳು ಸಿಗುವುದಿಲ್ಲ, ಸಿಕ್ಕರೂ ಮಳೆ ಹಿಡಿದಾಗ ಎಲ್ಲರಿಗೂ ಒಂದೇ ದಿನ ಬೇಕು. ಮೊದಲ ಸಲ ಎಣ್ಣೆ ಹೊಡೆದ ವರ್ಷ ಅವ್ವ ಹೊಲಕ್ಕೆ ಹೋಗಿ ನಿಂತು, ‘ಈ ವರ್ಷ ಕೂಡೂದಿಲ್ಲ ಅಂತಾತು’ ಎಂದು ಹೇಳಿದಾಗ ಅವಳ ಮುಖದಲ್ಲಿ ಕಂಡ ಸಮಾಧಾನವನ್ನು ನಾನು ಮರೆತಿಲ್ಲ. ಆ ಸಮಾಧಾನಕ್ಕೆ ಬೆಲೆ ಇದೆ.

ಆದರೆ ಅದೇ ವರ್ಷ ಇನ್ನೊಂದು ಹೋಯಿತು, ಆಗ ನಮಗೆ ಅದು ಗೊತ್ತಾಗಲಿಲ್ಲ. ಅಜ್ಜನ ಕಾಲದಿಂದ ನಮ್ಮಲ್ಲಿ ಅಕ್ಕಡಿ ಸಾಲು ಇತ್ತು. ಜೋಳದ ನಡುವೆ ತೊಗರಿ, ಅಲಸಂದೆ, ಅವರೆ, ಬದುವಿನ ಹತ್ತಿರ ಸೌತೆ, ಕುಂಬಳ. ಹೊಲಕ್ಕೆ ಹೋದ ಮಕ್ಕಳು ಬಿಸಿಲಿಗೆ ಬಾಯಾರಿದರೆ ಎಳೆ ಸೌತೆಕಾಯಿ ಕಿತ್ತು ತಿನ್ನುತ್ತಿದ್ದೆವು. ಅಟ್ರಜಿನ್ ಹೊಡೆದ ಹೊಲದಲ್ಲಿ ಇವ್ಯಾವುವೂ ಬದುಕಲಾರವು. ಹಕ್ಕರಕಿ, ಕಿರಕಸಾಲಿ, ಗೋಣಿಸೊಪ್ಪಿನಂಥ ತಿನ್ನುವ ಸೊಪ್ಪುಗಳೂ ಒಂದೇ ಹೊಡೆತಕ್ಕೆ ಕಸದ ಪಟ್ಟಿಗೆ ಸೇರಿದವು. ಹೊಲ ನೀಟಾಯಿತು, ಒಂದೇ ಬೆಳೆಯ ಹೊಲವಾಯಿತು. ಹಿಂದೆ ಒಂದು ಹೊಲದಲ್ಲಿ ಏಳೆಂಟು ಬಗೆಯ ಬೇರು ಏಳೆಂಟು ಆಳದಲ್ಲಿ ಓಡಾಡುತ್ತಿದ್ದವು. ಒಂದೊಂದು ಬೇರಿಗೂ ಅದರದೇ ಸೂಕ್ಷ್ಮಜೀವಿಗಳ ಪರಿವಾರ. ಮಣ್ಣಿಗೆ ಬಿದ್ದದ್ದನ್ನು ಅರಗಿಸುವ ಶಕ್ತಿ ಅಲ್ಲಿತ್ತು. ನಾವು ಮಣ್ಣಿಗೆ ವಿಷ ಹಾಕಲು ತೊಡಗಿದ್ದೂ ಅದನ್ನು ಅರಗಿಸುವ ಬೇರುಗಳನ್ನು ತೆಗೆದದ್ದೂ ಒಂದೇ ಕೆಲಸದಿಂದ ಆಯಿತು.

ಆ ಚಳಿಗಾಲವೆಲ್ಲ ನಾನು ಹುಡುಕಿ ಓದಿದ್ದು ಒಂದೇ ವಿಷಯ: ಗಿಡಗಳಿಂದ ಈ ಉಳಿಕೆಯನ್ನು ತೆಗೆಸಬಹುದೇ?

ಮೊದಲು ತಿಳಿದ ಸಂಗತಿಯೇ ನನ್ನನ್ನು ಕೂರಿಸಿಬಿಟ್ಟಿತು. ಅಟ್ರಜಿನ್ ಗೋವಿನಜೋಳವನ್ನು ಏಕೆ ಕೊಲ್ಲುವುದಿಲ್ಲ? ಅದು ಗೋವಿನಜೋಳದೊಳಗೆ ಹೋಗುವುದಿಲ್ಲ ಎಂದು ನಾನು ಅಂದುಕೊಂಡಿದ್ದೆ. ಹೋಗುತ್ತದೆ. ಬೇರು ಅದನ್ನು ಹೀರುತ್ತದೆ, ಎಲೆಯವರೆಗೂ ಒಯ್ಯುತ್ತದೆ. ಆದರೆ ಗೋವಿನಜೋಳದಲ್ಲಿ ಗ್ಲುಟಾಥಯೋನ್ ಎಂಬ ಸಣ್ಣ ಅಣುವೊಂದಿದೆ, ಅದನ್ನು ವಿಷಕ್ಕೆ ಜೋಡಿಸುವ ಕಿಣ್ವವೂ ಇದೆ. ಅಟ್ರಜಿನ್‌ನ ಕ್ಲೋರಿನ್ ಇರುವ ಜಾಗದಿಂದ ಕ್ಲೋರಿನ್ ಕಿತ್ತು ಅಲ್ಲಿ ಗ್ಲುಟಾಥಯೋನ್ ಕೂರಿಸುತ್ತದೆ. ಹಲ್ಲು ಕಿತ್ತ ಹಾವಿನಂತೆ ಅದು ಗಿಡದೊಳಗೇ ಬಿದ್ದಿರುತ್ತದೆ. ಜೋಳದ ಕುಲಕ್ಕೂ ಕಬ್ಬಿಗೂ ಈ ಶಕ್ತಿ ಇದೆ. ಎಂದರೆ ಆ ಆಗಸ್ಟಿನಲ್ಲಿ ಒಣಗಿಹೋದ ನಮ್ಮ ಬೆಳೆ ಬದುಕಿದ್ದಿದ್ದರೆ, ಬೆಳೆಯುತ್ತ ಬೆಳೆಯುತ್ತ ತಾನೇ ಒಂದಷ್ಟನ್ನು ಹೀರಿ ಹಲ್ಲು ಕೀಳುತ್ತಿತ್ತು.

ಸೀಸ, ಕ್ಯಾಡ್ಮಿಯಂನಂಥ ಲೋಹಗಳ ಕಥೆ ಬೇರೆ. ಲೋಹವನ್ನು ಯಾವ ಗಿಡವೂ ಒಡೆಯಲಾರದು. ಹೀರಿಕೊಂಡರೆ ಗಿಡದಲ್ಲಿ ಕೂತಿರುತ್ತದೆ, ಕೊಯ್ದು ಬೇರೆಡೆ ಸಾಗಿಸಬೇಕು. ಕಳೆನಾಶಕ ಇಂಗಾಲದ ಅಣು. ಸರಿಯಾದ ಕೈಗೆ ಸಿಕ್ಕರೆ ಕೊನೆಗೆ ಇಂಗಾಲದ ಡೈಆಕ್ಸೈಡ್, ಅಮೋನಿಯಾ ಆಗಿ ಹೆಸರಿಲ್ಲದಂತೆ ಕರಗಬಲ್ಲದು. ಆ ಸರಿಯಾದ ಕೈ ಬಹುತೇಕ ಬ್ಯಾಕ್ಟೀರಿಯಾದ್ದು. 1995ರಲ್ಲಿ ಅಮೆರಿಕದ ಮಿನ್ನೆಸೋಟದ ವಿಜ್ಞಾನಿಗಳು ಕಳೆನಾಶಕ ಚೆಲ್ಲಿದ್ದ ಜಾಗದ ಮಣ್ಣಿನಿಂದ ಒಂದು ಸೂಡೊಮೊನಾಸ್ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ ವರದಿ ಪ್ರಕಟಿಸಿದರು. ಅಟ್ರಜಿನ್‌ನಲ್ಲಿ ಐದು ಸಾರಜನಕ ಇವೆ. ಈ ಬ್ಯಾಕ್ಟೀರಿಯಾ ಆ ಸಾರಜನಕದ ಆಸೆಗೆ ಅದನ್ನು ತಿನ್ನುತ್ತದೆ. ಮೊದಲ ಹೆಜ್ಜೆಯಲ್ಲಿ ಅದೂ ಕೀಳುವುದು ಕ್ಲೋರಿನ್ನನ್ನೇ. ವರ್ಷ ವರ್ಷ ಅಟ್ರಜಿನ್ ಬೀಳುವ ಎಷ್ಟೋ ಹೊಲಗಳಲ್ಲಿ ಇಂಥವು ತಾವಾಗಿ ಹೆಚ್ಚಿಕೊಂಡು, ಎಣ್ಣೆ ಕೆಲವೇ ದಿನಗಳಲ್ಲಿ ಮಾಯವಾಗುವುದೂ ಉಂಟು. ನಮ್ಮ ಒಣ ಮೂಲೆಯಲ್ಲಿ ಅವಕ್ಕೆ ನೀರೂ ಇರಲಿಲ್ಲ, ಅನ್ನವೂ ಇರಲಿಲ್ಲ.

ಗಿಡದ ದೊಡ್ಡ ಕೆಲಸ ಇರುವುದು ಇಲ್ಲಿ. ಬೇರು ತನ್ನ ಸುತ್ತ ಸಕ್ಕರೆ, ಆಮ್ಲ, ಸತ್ತ ಜೀವಕೋಶಗಳನ್ನು ಸುರಿಸುತ್ತಲೇ ಇರುತ್ತದೆ. ಬೇರಿನ ಮೈಗಂಟಿದ ಆ ಒಂದೆರಡು ಮಿಲಿಮೀಟರ್ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳ ಜಾತ್ರೆ. 1990ರ ದಶಕದಲ್ಲಿ ಅಯೋವಾದ ಸಂಶೋಧಕರು ಕೀಟನಾಶಕ ಚೆಲ್ಲಿ ಕೆಟ್ಟ ಜಾಗದಲ್ಲಿ ಬೆಳೆದಿದ್ದ ಕೋಚಿಯಾ ಎಂಬ ಕಳೆಗಿಡದ ಬೇರಿನ ಮಣ್ಣು ತೆಗೆದು ನೋಡಿದರು. ಗಿಡವಿಲ್ಲದ ಮಣ್ಣಿಗಿಂತ ಅಲ್ಲಿ ಅಟ್ರಜಿನ್ ಬೇಗ ಒಡೆಯುತ್ತಿತ್ತು. ಕೊಲ್ಲಬೇಕೆಂದುಕೊಂಡ ಕಳೆಯೇ ಬದುಕುಳಿದು ಮಣ್ಣನ್ನು ತೊಳೆಯುತ್ತಿದ್ದ ಆ ಚಿತ್ರ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಅದೇ ರಾಜ್ಯದ ಅಯೋವಾ ವಿಶ್ವವಿದ್ಯಾಲಯದಲ್ಲಿ ಜೋಯಲ್ ಬರ್ಕನ್, ಜೆರಾಲ್ಡ್ ಶ್ನೂರ್ ಇಬ್ಬರೂ ಪಾಪ್ಲರ್ ಮರ ಅಟ್ರಜಿನ್ ಹೀರಿ ತನ್ನೊಳಗೆ ಒಡೆಯುವುದನ್ನು 1997ರಲ್ಲಿ ತೋರಿಸಿದರು. ಪಾಪ್ಲರ್ ನಮ್ಮ ಎರೆಹೊಲದ ಮರವಲ್ಲ, ಬಿಡಿ.

ನಮಗೆ ಹತ್ತಿರವಾದದ್ದು ಬ್ರೆಜಿಲ್. ಅಲ್ಲಿನ ಕಬ್ಬು, ಹತ್ತಿಯ ಹೊಲಗಳಲ್ಲಿ ಮಣ್ಣಿನಲ್ಲಿ ಬಹಳ ಕಾಲ ಉಳಿಯುವ ಕಳೆನಾಶಕಗಳನ್ನು ಬಳಸುತ್ತಾರೆ. ಅವುಗಳಲ್ಲಿ ಟೆಬುಥಿಯುರಾನ್ ಅರ್ಧಕ್ಕಿಳಿಯಲು ಒಂದು ವರ್ಷಕ್ಕಿಂತ ಹೆಚ್ಚು ಬೇಕು. ಮುಂದೆ ಹುರುಳಿಕಾಯಿಯಂಥ ಬೆಳೆ ಹಾಕಿದರೆ ನಮ್ಮ ಕಡಲೆಯ ಗತಿಯೇ. ಮಿನಾಸ್ ಜೆರಾಯಿಸ್ ರಾಜ್ಯದ ವಿಸೋಸಾ ವಿಶ್ವವಿದ್ಯಾಲಯದವರು 2000ದ ದಶಕದ ಆರಂಭದಿಂದ ಒಂದೊಂದೇ ಗಿಡ ಹಾಕಿ ಯಾವುದು ಆ ಮಣ್ಣಿನಲ್ಲಿ ತಾಳಿ ಬೆಳೆದು, ಹಿಂದೆ ಬರುವ ಬೆಳೆಗೆ ದಾರಿ ಮಾಡಿಕೊಡುತ್ತದೆ ಎಂದು ನೋಡುತ್ತ ಬಂದರು. ಗೆದ್ದವುಗಳಲ್ಲಿ ಎರಡು, ನಮ್ಮ ನಸುಗುನ್ನಿಯ ಕುಲದ ಒಂದು ಬಳ್ಳಿ, ಕತ್ತಿ ಅವರೆಯ ಹತ್ತಿರದ ನೆಂಟನಾದ ಇನ್ನೊಂದು ಅವರೆ. ಹಸಿರೆಲೆ ಗೊಬ್ಬರಕ್ಕೆಂದು ಬೆಳೆಯುವ ಗಿಡಗಳೇ ಅವು. ಅವರ ಪರೀಕ್ಷೆಯ ರೀತಿಯೂ ನಮ್ಮ ಹಿತ್ತಲ ಕಟ್ಟೆಯದೇ: ತೊಳೆಯುವ ಗಿಡ ಬೆಳೆದು ತೆಗೆದ ಮೇಲೆ ಅದೇ ಮಣ್ಣಿನಲ್ಲಿ ಸೂಕ್ಷ್ಮವಾದ ಬೆಳೆ ಹಾಕಿ ಅದರ ಎಲೆ ನೋಡುವುದು.

ಲಾವಂಚದ ವಿಷಯ ಓದಿದಾಗ ಮಾತ್ರ ನನಗೆ ಎದೆ ತುಂಬಿ ಬಂತು. ಅಟ್ರಜಿನ್ ಹುಟ್ಟಿದ್ದು ಸ್ವಿಟ್ಜರ್ಲೆಂಡಿನಲ್ಲಿ, 1950ರ ದಶಕದ ಕೊನೆಯಲ್ಲಿ. ಅದೇ ದೇಶದ ಲೋಸಾನ್ ನಗರದ ಸಂಶೋಧಕರು ಅರ್ಧ ಶತಮಾನದ ನಂತರ ಲಾವಂಚವನ್ನು ಅಟ್ರಜಿನ್ ನೀರಿನಲ್ಲಿ ಬೆಳೆಸಿ, ಅದೂ ಜೋಳದ ಹಾಗೆಯೇ ಎಲೆಯಲ್ಲಿ ಗ್ಲುಟಾಥಯೋನ್ ಕಟ್ಟಿ ವಿಷದ ಹಲ್ಲು ಕೀಳುತ್ತದೆ ಎಂದು ಕಂಡರು. ಇತ್ತ ನಮ್ಮ ಗುಂಡ್ಲುಪೇಟೆಯ ಕಡೆ ರೈತರು ನೂರು ವರ್ಷಕ್ಕೂ ಹಿಂದಿನಿಂದ ಹೊಲದ ಗಡಿಗೆ ಲಾವಂಚದ ಸಾಲು ನೆಟ್ಟು ಉಳಿಸಿಕೊಂಡು ಬಂದಿದ್ದಾರೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಮಣ್ಣು ಸಂರಕ್ಷಣೆಯ ತಜ್ಞರು ಈ ಹುಲ್ಲನ್ನು ಜಗತ್ತಿಗೆಲ್ಲ ಸಾರುವಾಗ ತೋರಿಸಿದ್ದು ಆ ಗಡಿಸಾಲುಗಳನ್ನೇ. ಆಳುದ್ದಕ್ಕೂ ಮಿಗಿಲಾಗಿ ನೇರ ಇಳಿಯುವ ಬೇರು, ಬುಡದಲ್ಲಿ ಚಾಪೆ ನೇಯ್ದಂಥ ದಟ್ಟಣೆ. ಹರಿದು ಬರುವ ನೀರು ಅಲ್ಲಿ ನಿಂತು, ಹೂಳು ಬಿಟ್ಟು, ಸೋಸಿ ಮುಂದೆ ಹೋಗಬೇಕು.

ನೀರಿನ ವಿಷಯ ನಾನು ಲಘುವಾಗಿ ತೆಗೆದುಕೊಳ್ಳಲಾರೆ. ಅಟ್ರಜಿನ್ ಮಣ್ಣಿಗೆ ಗಟ್ಟಿಯಾಗಿ ಅಂಟುವುದಿಲ್ಲ, ನೀರಿನ ಜೊತೆ ಇಳಿಯುತ್ತದೆ. ಜರ್ಮನಿ 1991ರಲ್ಲಿ ಇದನ್ನು ನಿಲ್ಲಿಸಿತು. ಐರೋಪ್ಯ ಒಕ್ಕೂಟ 2004ರಲ್ಲಿ ಅನುಮತಿ ನಿರಾಕರಿಸಿದ್ದಕ್ಕೆ ಕಾರಣವೂ ಅಂತರ್ಜಲವೇ. ನಮ್ಮಲ್ಲಿ 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 27 ಪೀಡೆನಾಶಕಗಳನ್ನು ನಿಷೇಧಿಸುವ ಕರಡು ಹೊರಡಿಸಿದಾಗ ಆ ಪಟ್ಟಿಯಲ್ಲಿ ಅಟ್ರಜಿನ್ ಕೂಡ ಇತ್ತು. ಅದರ ಮಾರಾಟ ನಿಲ್ಲಲಿಲ್ಲ. ನಮ್ಮ ಆ ಮೂಲೆಯಿಂದ ಹಳ್ಳಕ್ಕೆ ಇಪ್ಪತ್ತು ಹೆಜ್ಜೆ. ಹಳ್ಳದ ಆಚೆ ಓಣಿಯ ಬೋರ್‌ವೆಲ್.

2024ರ ಮೇ ತಿಂಗಳಲ್ಲಿ ಕುರಿಗಾರರು ಬಂದಾಗ ಆ ಮೂಲೆಯ ಹತ್ತು ಗುಂಟೆಯಲ್ಲಿ ಎರಡು ರಾತ್ರಿ ಕುರಿ ತರುಬಿಸಿದೆವು. ಜೂನಿನಲ್ಲಿ ಮಳೆ ಹಿಡಿದದ್ದೇ ಒಂಬತ್ತು ಗುಂಟೆಗೆ ಮೇವಿನ ಜೋಳವನ್ನು ಒತ್ತೊತ್ತಾಗಿ ಬಿತ್ತಿದೆವು. ಜೋಳ ಈ ವಿಷ ತಾಳುತ್ತದೆ, ಬೀಜ ಮನೆಯಲ್ಲೇ ಇತ್ತು, ಅದರ ಬೇರು ಮಣ್ಣನ್ನು ಬಿಡದೆ ಹೊಕ್ಕುತ್ತದೆ. ಉಳಿದ ಒಂದು ಗುಂಟೆಯನ್ನು ಏನೂ ಬೆಳೆಯದಂತೆ ಕೆತ್ತಿ ಬರಿದಾಗಿ ಇಟ್ಟೆವು. ಕುರಿಗೊಬ್ಬರ ಅದಕ್ಕೂ ಬಿದ್ದಿತ್ತು, ಮಳೆ ಅದಕ್ಕೂ ಬೀಳುತ್ತಿತ್ತು. ಹಾಗಿಲ್ಲದಿದ್ದರೆ ಮುಂದೆ ಮಣ್ಣು ಸುಧಾರಿಸಿದ್ದು ಜೋಳದಿಂದಲೋ ಮಳೆಯಿಂದಲೋ ಎಂದು ಹೇಳುವುದು ಹೇಗೆ? ಕೆಳಬದುವಿಗೆ ಗೇಣಿಗೊಂದರಂತೆ ಲಾವಂಚದ ಬುಡ ನೆಟ್ಟೆವು. ಅಪ್ಪ ಇದಕ್ಕೆಲ್ಲ ಮೊದಲು ಒಪ್ಪಿರಲಿಲ್ಲ. ಬರದ ಮರುವರ್ಷ ಕಾಲು ಎಕರೆಯನ್ನು ದುಡಿಮೆಯಿಂದ ತೆಗೆದಿಡುವುದು ಎಂದರೆ ಏನೆಂದು ಸಂಬಳದವಳಾದ ನನಗಿಂತ ಅವನಿಗೆ ಗೊತ್ತು.

ಕಷ್ಟ ಬಂದದ್ದು ಆಗಸ್ಟಿನಲ್ಲಿ. ಜೋಳ ಎದೆಯೆತ್ತರ ಬೆಳೆದು ಗಾಳಿಗೆ ತೂಗುತ್ತಿತ್ತು. ಬೇಸಿಗೆಯಲ್ಲಿ ಮೇವಿಲ್ಲದೆ ಎರಡು ಎಮ್ಮೆ ಮಾರಿದ್ದ ಪಕ್ಕದ ಹೊಲದ ಕಾಕಾ ಬದುವಿಗೆ ಬಂದು ನಿಂತ. ‘ಯಣ್ಣಾ, ಅದನ್ನ ತಿಪ್ಪಿಗೆ ಹಾಕ್ತೀರಂತಲ್ಲ. ನನಗರ ಕೊಡ್ರಿ, ಕೊಯ್ಕೊಂಡು ಹೋಗ್ತೇನಿ’ ಎಂದು ಅಪ್ಪನಿಗೆ ಹೇಳಿದ. ಅಪ್ಪ ನನ್ನ ಮುಖ ನೋಡಿದ. ನಾನು ಕಾಕಾನಿಗೆ ಲೋಟದ ಕಥೆ, ಕ್ಲೋರಿನ್ ಕಥೆ ಎಲ್ಲ ಹೇಳಿದೆ. ಗಿಡ ಕಟ್ಟಿಟ್ಟುಕೊಂಡದ್ದು ಗಿಡದೊಳಗೇ ಇರುತ್ತದೆ, ಪರೀಕ್ಷೆ ಮಾಡಿಸದೆ ದನದ ಮುಂದೆ ಹಾಕುವುದು ಬೇಡ, ಹಾಲು ಕುಡಿಯುವವರು ನಿಮ್ಮ ಮೊಮ್ಮಕ್ಕಳು ಎಂದೆ. ಕಾಕಾ ಸಮಾಧಾನದಿಂದ ಕೇಳಿಸಿಕೊಂಡ. ‘ಹೋದ ವರ್ಷ ಎಣ್ಣಿ ಹೊಡದ ಜ್ವಾಳದ ದಂಟನ್ನ ಎಲ್ಲಾರೂ ದನಕ್ಕ ಹಾಕೀವಿ ತಂಗಿ. ಆಗ ಯಾರೂ ಬಂದು ಬ್ಯಾಡ ಅನ್ನಲಿಲ್ಲ’ ಎಂದ.

ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಮೇವು ಕೊಡಲಿಲ್ಲ. ಬೇರೆ ಕಡೆಯ ಒಂದು ಬಂಡಿ ಹುಲ್ಲನ್ನು ಅಪ್ಪ ಅವನ ಮನೆಗೆ ಕಳಿಸಿದ. ಒಂಬತ್ತು ಗುಂಟೆಯ ಹಸಿರು ಮೇವನ್ನು ಕೊಯ್ದು, ಅದೇ ಮೂಲೆಯಲ್ಲಿ ಗುಂಡಿ ತೋಡಿ, ಸಗಣಿ ನೀರು ಹೊಯ್ದು ಕೊಳೆಯಲು ಹಾಕಿದೆವು. ಉಳಿದದ್ದೇನಾದರೂ ಇದ್ದರೆ ಅಲ್ಲಿನ ಬ್ಯಾಕ್ಟೀರಿಯಾಕ್ಕೇ ಸಿಗಲಿ, ಬೇರೆ ಹೊಲಕ್ಕೆ ಹೋಗುವುದು ಬೇಡ ಎಂದು. ಕೊಯ್ಯುವಾಗ ಅಪ್ಪ ಒಂದು ಮಾತೂ ಆಡಲಿಲ್ಲ. ಒಂದೊಂದು ಹಿಡಿಯನ್ನೂ ದನಕ್ಕೆ ಕಟ್ಟುವಂತೆಯೇ ನೀಟಾಗಿ ಸೂಡು ಕಟ್ಟಿ ಗುಂಡಿಗೆ ಇಳಿಸಿದ.

ಕೊಯ್ದ ವಾರ ಮತ್ತೆ ಲೋಟಗಳನ್ನು ಇಟ್ಟೆ. ಬರಿದಾಗಿಟ್ಟ ಗುಂಟೆಯ ಮಣ್ಣಿನಲ್ಲಿ ಹತ್ತರಲ್ಲಿ ನಾಲ್ಕು ಸೌತೆಯ ಅಂಚು ಹಳದಿಯಾಯಿತು. ಜೋಳ ಬೆಳೆದ ಮಣ್ಣಿನಲ್ಲಿ ಒಂದು, ಅದೂ ತೀರ ತಡವಾಗಿ. ಎರಡೂ ಕಡೆ ಮೊದಲಿಗಿಂತ ಕಡಿಮೆಯಾಗಿತ್ತು. ಒಳ್ಳೆಯ ಮಳೆಯ ಪಾಲು ದೊಡ್ಡದು, ಅದನ್ನು ನಾನು ಗಿಡದ ಲೆಕ್ಕಕ್ಕೆ ಬರೆಯುವುದಿಲ್ಲ. ಹತ್ತು ಲೋಟದ ಪರೀಕ್ಷೆ ಸಂಶೋಧನೆಯೂ ಆಗುವುದಿಲ್ಲ. ಆದರೆ ಒಂದೇ ಮಳೆ ಬಿದ್ದ ಎರಡು ಮಣ್ಣು ಒಂದರ ಪಕ್ಕ ಒಂದು ಕಟ್ಟೆಯ ಮೇಲೆ ನಿಂತಿದ್ದವು. ಅಪ್ಪ ಬಗ್ಗಿ ಒಂದೊಂದೇ ಎಲೆಯನ್ನು ಬೆರಳ ಮೇಲೆ ಹಾಸಿಕೊಂಡು ನೋಡಿದ. ‘ಹಿಂಗಾರಿಗೆ ಸೆಣಬು ಹಾಕೋಣೇನು?’ ಎಂದು ಅವನೇ ಕೇಳಿದ.

ಇದನ್ನು ಓದಿ ಯಾರಾದರೂ ನಾಳೆಯೇ ಹೊಲಕ್ಕೆಲ್ಲ ಜೋಳ ಚೆಲ್ಲುವ ಮೊದಲು ಒಂದು ಎಚ್ಚರ ಹೇಳಬೇಕು. ಎಲ್ಲ ಕಸದ ಎಣ್ಣೆಯೂ ಒಂದೇ ಅಲ್ಲ. 2,4-ಡಿ ಹಸಿ ಮಣ್ಣಿನಲ್ಲಿ ಕೆಲವೇ ವಾರಗಳಲ್ಲಿ ತಾನಾಗಿ ಒಡೆಯುತ್ತದೆ, ಅದಕ್ಕಾಗಿ ಒಂದು ಹಂಗಾಮು ಬಿಡುವ ಅಗತ್ಯವಿಲ್ಲ. ಪ್ಯಾರಕ್ವಾಟ್ ಜೇಡಿ ಕಣಕ್ಕೆ ಎಷ್ಟು ಬಿಗಿಯಾಗಿ ಅಂಟುತ್ತದೆಂದರೆ ಬೇರಿಗೆ ಸಿಗುವುದೇ ಇಲ್ಲ, ಗಿಡದಿಂದ ಅದನ್ನು ತೆಗೆಸುವ ಮಾತು ಹುಸಿ. ಗಿಡದ ಕೈ ಅದರ ಬೇರು ಹೋಗುವಷ್ಟೇ ದೂರ. ಬೇರು ದಾಟಿ ಕೆಳಗಿಳಿದ ವಿಷ ನೀರಿನ ಪಾಲು. ಯಾವ ಎಣ್ಣೆಗೆ ಯಾವ ಗಿಡ ತಾಳುತ್ತದೆ ಎಂದು ಮೊದಲು ಲೋಟದಲ್ಲಿ ನೋಡಿ, ಆಮೇಲೆ ಹೊಲಕ್ಕೆ ಹಾಕಬೇಕು. ಎಲ್ಲಕ್ಕಿಂತ ಮೊದಲು ಪಂಪು ತೊಳೆದ ನೀರನ್ನು ಒಂದೇ ಕಡೆ ಚೆಲ್ಲುವುದನ್ನು ನಿಲ್ಲಿಸಬೇಕು. ನಮ್ಮ ಹೊಲದ ಅತಿ ಕೆಟ್ಟ ಜಾಗ ಹುಟ್ಟಿದ್ದು ಹತ್ತು ನಿಮಿಷದ ತೊಳೆತದಿಂದ. ಅದನ್ನು ಸರಿಮಾಡಲು ಎರಡು ಹಂಗಾಮು ಹಿಡಿಯಿತು.

ಆ ಎರಡು ಹಂಗಾಮನ್ನು ಕೊಡುವವರು ಯಾರು ಎಂಬುದೇ ನನ್ನನ್ನು ಕಾಡುವ ಪ್ರಶ್ನೆ. ನಮ್ಮ ಮನೆಗೆ ನನ್ನ ಸಂಬಳ ಇತ್ತು. ಕಾಕಾನ ಮನೆಗೆ ಏನಿದೆ? ಬೆಳೆ ಹೋದರೆ ವಿಮೆ ಕೇಳಬಹುದು, ಬರ ಬಂದರೆ ಪರಿಹಾರ ಕೇಳಬಹುದು. ಮಣ್ಣನ್ನು ತೊಳೆಯಲು ಹೊಲವನ್ನು ಬೆಳೆಗೆ ಬಿಡದ ರೈತನಿಗೆ ಯಾವ ಅರ್ಜಿಯ ಯಾವ ಕಾಲಮ್ಮೂ ಇಲ್ಲ. ಹಸಿರೆಲೆ ಗೊಬ್ಬರದ ಬೀಜವನ್ನು ರಿಯಾಯಿತಿಗೆ ಕೊಡುವ ಕಡೆಯೇ, ಇಂಥ ಹಂಗಾಮಿಗೆ ಎಕರೆಗಿಷ್ಟು ಎಂದು ಕೊಟ್ಟರೆ ಎಷ್ಟೋ ಮೂಲೆಗಳು ಉಸಿರಾಡಿಯಾವು. ಮಣ್ಣಿನ ಕಾರ್ಡಿಗೆ ಹದಿಮೂರನೆಯದಾಗಿ ಒಂದು ಸಾಲು ಸೇರಿಸಿ, ಅದು ಸೌತೆ ಬೀಜದ ಪರೀಕ್ಷೆಯೇ ಆಗಿದ್ದರೂ ಸಾಕು.

2024ರ ಡಿಸೆಂಬರಿನಲ್ಲಿ ಸೆಣಬು ಹೂವಾಡಿತು. ಬೀಜ ಕಟ್ಟುವ ಮೊದಲು ಮಣ್ಣಿಗೆ ಮಗುಚಿದೆವು. ಮರುವರ್ಷದ ಮುಂಗಾರಿಗೆ ಅಪ್ಪ ಆ ಹತ್ತು ಗುಂಟೆಗೆ ಎಣ್ಣೆ ಹೊಡೆಯದೆ ಜೋಳ ಹಾಕಿ, ನಡುವೆ ಎರಡು ಸಾಲು ತೊಗರಿ, ಒಂದು ಸಾಲು ಅಲಸಂದೆ ಅಕ್ಕಡಿ ಬಿಟ್ಟ. ಉಳಿದ ಹೊಲಕ್ಕೆ ಈಗಲೂ ಎಣ್ಣೆ ಬೀಳುತ್ತದೆ, ಮೊದಲಿಗಿಂತ ಕಡಿಮೆ, ತೂಕ ಮಾಡಿ, ಸಾಲಿನ ಮೇಲೆ ಮಾತ್ರ. ಸಾಲಿನ ನಡುವೆ ಬಾಡಿಗೆಗೆ ತಂದ ಸಣ್ಣ ಯಂತ್ರದಿಂದ ಎಡೆ ಹೊಡೆಸುತ್ತೇವೆ.

ಒಂದು ಭಾನುವಾರ ಅವ್ವ ಕೋಲು ಊರಿಕೊಂಡು ನನ್ನ ಜೊತೆ ಆ ಮೂಲೆಯವರೆಗೂ ನಡೆದು ಬಂದಳು. ಲಾವಂಚ ಸೊಂಟದವರೆಗೆ ಬಂದಿತ್ತು. ಅದರ ಮೇಲ್ಗಡೆ, ತೊಗರಿಯ ಬುಡದಲ್ಲಿ, ನೆಲಕ್ಕೆ ಅಂಟಿಕೊಂಡಂತೆ ಒಂದು ಹಕ್ಕರಕಿ ಎದ್ದಿತ್ತು. ಅವ್ವ ಬಹಳ ಕಷ್ಟದಿಂದ ಬಗ್ಗಿ ಒಂದು ಎಲೆ ಮುರಿದಳು. ಮುರಿದಲ್ಲಿ ಬಿಳಿ ಹಾಲು ಉಕ್ಕಿತು. ಅದನ್ನು ಮೂಸಿ ನೋಡಿ, ರೊಟ್ಟಿ ಜೊತೆ ತಿನ್ನಬಹುದೇ ಎಂಬಂತೆ ನನ್ನ ಕಡೆ ನೋಡಿದಳು.

‘ಈ ವರ್ಷ ಬ್ಯಾಡವ್ವಾ’ ಎಂದೆ.

‘ಆತು ಬಿಡು. ಬೀಜ ಆಗಲಿ’ ಎಂದು, ಕಸ ತೆಗೆಯುವವರಿಗೆ ಗೊತ್ತಾಗಲೆಂದು ಅದರ ಪಕ್ಕಕ್ಕೆ ಒಂದು ತೊಗರಿ ಕಟ್ಟಿಗೆ ಚುಚ್ಚಿದಳು.